ನೀರಿನ ಕಾಲಂ

ಸೋಮವಾರ, ೮ ಸೆಪ್ಟೆಂಬರ್. ಮಧ್ಯಾಹ್ನ ೩

ಹದಿನಾಲ್ಕು ಅರ್ಜಿ. ಹದಿನಾಲ್ಕು ಮನೆಯ ನೀರೂ ಕುಡಿದು ಮುಗಿಸಿದೆ — ಕುರ್ಚಿ ಬಿಟ್ಟು ಏಳದೆ.

ಈ ಆಫೀಸಿನ ಗುಮಾಸ್ತೆಯಾಗಿ ಆರು ವರ್ಷದಿಂದ ಇದೇ. ಫಾರ್ಮಿನ ಕೊನೆಯ ಕಾಲಂ: 'ಮನೆಯಲ್ಲಿ ಕುಡಿದ ನೀರು ಹೇಗಿತ್ತು?' ಗುರುಸಿದ್ದಯ್ಯನವರು ಪ್ರತಿಷ್ಠಾನ ಕಟ್ಟಿದಾಗಲೇ ಹಾಕಿದ ನಿಯಮ. ಮಕ್ಕಳ ಓದಿಗೆ ಸಹಾಯ ಕೇಳಿದವರ ಮನೆಗೆ ಟ್ರಸ್ಟಿಯೊಬ್ಬರು ಹೋಗಬೇಕು, ಕೂರಬೇಕು, ನೀರು ಕುಡಿಯಬೇಕು. ಆಮೇಲೆ ಸಹಿ. ಹತ್ತಿ ವ್ಯಾಪಾರಿ, ಮುಟ್ಟಿ ನೋಡದೆ ಏನೂ ಕೊಂಡವರಲ್ಲ. ನೀರು ಎಲ್ಲಿಂದ ತಂದದ್ದು, ಎಷ್ಟು ದಿನದ್ದು, ಯಾವುದರಲ್ಲಿ ಕೊಟ್ಟರು — ಇಷ್ಟು ತಿಳಿದರೆ ಮನೆ ತಿಳಿಯಿತು ಎನ್ನುತ್ತಿದ್ದರು. ವಾರಕ್ಕೊಮ್ಮೆ ನಳ ಬರುವ ಈ ಊರಲ್ಲಿ ಅದು ಸುಳ್ಳಲ್ಲ.

ಅವರು ತೀರಿದ ಮೇಲೆ ಮೊಮ್ಮಗ ಬಸವಪ್ರಭು ಮ್ಯಾನೇಜಿಂಗ್ ಟ್ರಸ್ಟಿ. ಇವತ್ತೂ ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಬಂದ.

"ನಿಶಾತ, ನೀರಿಂದು ನೀವ ತುಂಬಿಬಿಡ್ರಿ. ನಾ ಸಹಿ ಹಾಕ್ತೇನಿ."

"ಸರ್, ಒಂದೆರಡ ಮನಿಗಾರ ಹೋಗಿ ಬರ್ರಿ."

"ಕಂಡಕಂಡವರ ಮನಿ ನೀರು ಕುಡದು ಹೊಟ್ಟಿ ಕೆಡಿಸ್ಕೊಳ್ಳಾಕ ನನಗೇನ ಹುಚ್ಚ ಹಿಡದೈತೇನ್ರಿ?"

ಹಲ್ಲು ಕಚ್ಚಿಕೊಂಡು ತುಂಬಿದೆ. ಎಲ್ಲಕ್ಕೂ ಒಂದೇ ಬರೆದರೆ ಶರಣವ್ವನವರಿಗೆ ಅನುಮಾನ ಬರುತ್ತದೆ. ಗಂಡ ಗುರುಸಿದ್ದಯ್ಯನವರು ಹೋದ ಮೇಲೆ ಅವರೇ ಅಧ್ಯಕ್ಷೆ. ಎಂಬತ್ತಮೂರಾದರೂ ಒಂದೊಂದು ಫೈಲೂ ಓದುತ್ತಾರೆ. ಅದಕ್ಕೇ ಬೇರೆ ಬೇರೆ ಬರೆಯುತ್ತೇನೆ. ಮಡಕೆಯದು. ಬೋರಿನದು, ಸವಳು. ಟ್ಯಾಂಕರಿನದು. ಫ್ರಿಜ್ಜಿನದು, ತಂಪು... ಒಳ್ಳೆ ಕಥೆಗಾರ್ತಿ ಆಗಿದ್ದೇನೆ.

ಶುಕ್ರವಾರ, ೧೨

ಧಾರವಾಡದಲ್ಲಿ ಶರಣವ್ವನವರ ಮನೆಯಲ್ಲಿ ಮೀಟಿಂಗ್. ಹದಿಮೂರು ಪಾಸ್. ಒಂದು ಬಿತ್ತು.

ಕಮರಿಪೇಟೆಯ ಅಬೀದಾ. ಗಂಡನಿಲ್ಲ, ಹೊಲಿಗೆ ಮಿಷನ್ ಒಂದಿದೆ. ಮಗಳು ಜೋಯಾಗೆ ನರ್ಸಿಂಗ್ ಸೀಟು ಸಿಕ್ಕಿದೆ. ಇಪ್ಪತ್ತನೇ ತಾರೀಖು, ಶನಿವಾರ, ಸಂಜೆ ನಾಲ್ಕರೊಳಗೆ ಫೀ ಕಟ್ಟಬೇಕು. ಕಟ್ಟದಿದ್ದರೆ ಸೀಟು ಮುಂದಿನವರಿಗೆ.

ಶರಣವ್ವ ಕನ್ನಡಕ ಏರಿಸಿ ಕೇಳಿದರು: "ಬಸೂ, ಇವರ ಮನ್ಯಾಗ ಫ್ರಿಜ್ಜಿನ ನೀರು ಕೊಟ್ರೇನು?"

"ಹೂಂ ಅಜ್ಜಿ. ಏಕದಂ ತಂಪಿತ್ತು."

ಕುಡಿದು ಬಂದವನ ಹಾಗೆ ಬಾಯಿ ಬೇರೆ ಚಪ್ಪರಿಸಿದ!

"ಫ್ರಿಜ್ ಇಟ್ಟವರು ಹೆಂಗರ ನಿಭಾಯಿಸ್ತಾರ. ಮುಂದಿನ ವರ್ಷ ನೋಡೂಣು."

ಬಾಯಿ ತೆರೆದೆ. ಅವನು ನನ್ನತ್ತ ನೋಡಿದ. ಮುಚ್ಚಿದೆ.

ವಾಪಸ್ ಬರುವ ಚಿಗರಿ ಬಸ್ಸಿನಲ್ಲಿ ಸತ್ತೂರ ದಾಟುವವರೆಗೂ ಅವನನ್ನು ಬೈದೆ. ಮನಸ್ಸಿನಲ್ಲೇ. ನನ್ನ ಶೌರ್ಯ ಅಷ್ಟೇ.

ಸೋಮವಾರ, ೧೫

ಅಬೀದಾಗೆ ಫೋನ್ ಮಾಡಿದೆ. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿದೆ. ನಕ್ಕಳು.

"ಫ್ರಿಜ್ ಎಲ್ಲೀದು ಬೇಟಿ. ನಳ ಬಂದು ಎಂಟ ದಿನ ಆತು. ಪೀಪಾಯಿ ತಳದಾಗಿನ ನೀರು ಸೋಸಿ ಕುಡಿಯಾಕತ್ತೇವಿ. ಸಾಹೇಬರು ಯಾವಾಗ ಬರ್ತಾರ? ದಿನಾ ಮನಿ ಒರಸಿ ಕಾಯಾಕತ್ತೇನಿ. ಅವರು ನೀರು ಕುಡೀತಾರಂತಲ್ಲ, ಹೊಸಾ ಗ್ಲಾಸ್ ತಂದಿಟ್ಟೇನಿ."

ಅರ್ಜಿ ಬಿದ್ದಿದೆ ಎಂದು ಹೇಳದೆ ಫೋನ್ ಇಟ್ಟೆ.

ನೇರ ಅವನ ಕ್ಯಾಬಿನ್ನಿಗೆ ನುಗ್ಗಿದೆ. "ಸರ್, ಆ ಮನ್ಯಾಗ ಫ್ರಿಜ್ ಇಲ್ರಿ. ನಾ ಸುಮ್ಮನ ಬರದಿದ್ದು. ಅವ್ವಾರಿಗೆ ಹೇಳ್ರಿ. ಇನ್ನೂ ಐದ ದಿನ ಐತಿ."

ಮೊಬೈಲಿನಿಂದ ತಲೆ ಎತ್ತಲಿಲ್ಲ. "ಹೇಳಿದ್ರ ಮುದುಕಿ ಆರು ವರ್ಷದ ಫೈಲೆಲ್ಲಾ ಬಿಚ್ಚತಾಳ. ಅಕ್ಷರ ಯಾರದು? ನಿಂದು. ಮೊದಲ ಹೊರಗ ಹೋಗಾಕಿ ನೀ."

'ನೀವು' ಹೋಗಿ 'ನೀ' ಆಯಿತು. ಹೊರಗೆ ಬಂದು ಸ್ಟೇಪ್ಲರ್ ಗೋಡೆಗೆ ಎಸೆದೆ. ಅದು ಮುರಿಯಲಿಲ್ಲ, ಗೋಡೆಯ ಸುಣ್ಣ ಬಿತ್ತು. ನಾನೇ ಗುಡಿಸಿದೆ.

ಗುರುವಾರ, ೧೮

ಬೆಳಿಗ್ಗೆ ರಜೆ ಹಾಕಿ ಧಾರವಾಡದ ಬಸ್ ಹತ್ತಿದೆ. ಅಜ್ಜಿಯ ಮುಂದೆ ಹೇಳಬೇಕಾದ ಮಾತೆಲ್ಲ ಕಟ್ಟಿಕೊಂಡಿದ್ದೆ. ಅರ್ಧ ದಾರಿಗೆ, ನವನಗರದಲ್ಲಿ ಇಳಿದುಬಿಟ್ಟೆ. ಕೆಲಸ ಹೋದರೆ ಅಬ್ಬಾನ ಔಷಧಿ, ಮನೆ ಬಾಡಿಗೆ... ನೆಪ ಹುಡುಕುವವರಿಗೆ ಬರಗಾಲವೇ?

ಎದುರಿನ ಬಸ್ ಹಿಡಿದು ವಾಪಸ್. ಥೂ.

ಶನಿವಾರ, ೨೦. ಸಂಜೆ ೪.೧೦

ನಾಲ್ಕು ಆಯಿತು.

ಸೋಮವಾರ, ೨೨

ಹೇಳಿದೆ. ಎಲ್ಲ. ಧಾರವಾಡಕ್ಕೆ ಹೋಗಿ, ಶರಣವ್ವನವರಿಗೆ. ಬಸವಪ್ರಭು ಅಲ್ಲೇ ಚಹಾ ಕುಡಿಯುತ್ತಿದ್ದ, ಅವನ ಮುಂದೆಯೇ. ಸೀಟು ಹೋದ ಮೇಲೆ ಬಂದ ಧೈರ್ಯಕ್ಕೆ ಏನು ಬೆಲೆ? ಕಾಲೇಜಿಗೆ ಫೋನ್ ಮಾಡಿದ್ದೆ — ಶನಿವಾರ ಐದಕ್ಕೇ ಬೇರೆಯವರಿಗೆ ಕೊಟ್ಟಿದ್ದಾರೆ.

ಶರಣವ್ವ ಕನ್ನಡಕ ತೆಗೆದಿಟ್ಟರು. ಆಮೇಲೆ ಮೊಮ್ಮಗನಿಗೆ: "ಬಸೂ, ಇನ್ನ ನಿನ್ನ ಸಹಿ ಇಲ್ಲಿ ನಡಿಯೂದಿಲ್ಲ. ಏಳು."

ಎದ್ದು ಹೋದ. ಖುಷಿಯಾಗಬೇಕಿತ್ತು.

"ನಿನ್ನ ಓದಿನ ಅರ್ಜಿಗೆ ನಮ್ಮ ಯಜಮಾನರು ನಿಮ್ಮ ಮನಿಗೆ ಬಂದಾಗ ಏನ ಕೊಟ್ಟಿದ್ರಿ, ನಿಶಾತ?"

"ಬೋರಿನ ನೀರ್ರಿ. ಸವಳು."

"ಕುಡದ್ರೋ ಇಲ್ಲೋ?"

"ಪೂರಾ ಕುಡದ್ರರಿ." ಆ ಒಂದು ಲೋಟದ ಮೇಲೆ ನನ್ನ ಬಿ.ಕಾಂ. ಮುಗಿಯಿತು. ಆ ಬಿ.ಕಾಂ. ಮೇಲೆ ಈ ನೌಕರಿ.

"ಹಂಗಾರ ಆ ನೀರಿನ ಬೆಲಿ ಬಸೂಗ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತು."

ಬೈಯಲಿಲ್ಲ. ಕೆಲಸದಿಂದ ತೆಗೆಯಲಿಲ್ಲ. ಖಾಲಿ ಫಾರ್ಮ್ ಒಂದನ್ನು ಮುಂದೆ ಸರಿಸಿದರು. "ಮುಂದಿನ ವರ್ಷದ್ದು. ಆ ಮನಿಗೆ ನೀನ ಹೋಗು. ನೀರು ಕುಡದು, ಬರದು, ನನಗ ತೋರಸು."

ಮಂಗಳವಾರ, ೨೩. ಸಂಜೆ

ಕಮರಿಪೇಟೆಯಿಂದ ಈಗ ಬಂದೆ.

ಅಬೀದಾ ಚಾಪೆ ಹಾಸಿ, ಮತ್ತೆ ಹೊಲಿಗೆ ಮಿಷನ್ ಮುಂದೆ ಕೂತಳು. ಜೋಯಾ ಹೊಸ ಗ್ಲಾಸಿನಲ್ಲಿ ನೀರು ತಂದಳು. ಸ್ಟಿಕ್ಕರ್ ಇನ್ನೂ ಅಂಟಿತ್ತು. "ತೊಗೊಳ್ರಿ ಆಪಾ, ಇವತ್ತ ನಳ ಬಂದೈತಿ." ಸೀಟು ಹೋಗಿದ್ದಕ್ಕೆ ತಮ್ಮದೇ ನಸೀಬು ಅಂದುಕೊಂಡಿದ್ದಾರೆ. ನನಗೆ ಮೈ ಉರಿಯಿತು. ಸಿಟ್ಟು ಮಾಡಿಕೊಳ್ಳಬೇಕಾದವರು ನೀರು ಕೊಡುತ್ತಿದ್ದಾರೆ!

ಕೈ ಚಾಚಿದವಳು ನಿಲ್ಲಿಸಿ ಹೇಳಿಬಿಟ್ಟೆ. ಇಲ್ಲಿಗೆ ಯಾರೂ ಬಂದಿರಲಿಲ್ಲ. ಫ್ರಿಜ್ ಅಂತ ಬರೆದದ್ದು ನಾನು. ಗೊತ್ತಾದ ಮೇಲೂ ಐದು ದಿನ ಬಾಯಿ ಬಿಡಲಿಲ್ಲ.

ಮಿಷನ್ ಮೇಲಿದ್ದ ಅಬೀದಾಳ ಕೈ ನಿಂತಿತು. ಜೋಯಾ ನನ್ನನ್ನೇ ನೋಡಿದಳು. ಆಮೇಲೆ ಗ್ಲಾಸು ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು. ನೀರನ್ನು ಪೀಪಾಯಿಗೆ ಸುರಿದದ್ದು ಕೇಳಿಸಿತು. ಮುಚ್ಚಳ ಹಾಕಿದ್ದೂ.

"ಬಂದ ಮಂದಿಗೆ ನೀರು ಇಲ್ಲನ್ನಬಾರದ, ಜೋಯಾ," ಎಂದಳು ಅಬೀದಾ.

"ಇವರು ಕುಡದ ಆಗೇದಲ್ಲ ಅಮ್ಮೀ. ಫ್ರಿಜ್ಜಿಂದು."

ಮುಂದೆ ಫಾರ್ಮ್ ಇದೆ. ನಾಳೆ ಅಜ್ಜಿಗೆ ತೋರಿಸಬೇಕು. ಆರು ವರ್ಷದಲ್ಲಿ ಮೊದಲ ಸಲ ಈ ಕಾಲಮ್ಮಿಗೆ ಖರೆ ಬರೆಯುತ್ತಿದ್ದೇನೆ. 'ಈ ಮನೆಯಲ್ಲಿ ನನಗೆ ನೀರು ಸಿಗಲಿಲ್ಲ.'