ಮೇಷ್ಟ್ರ ಕಣ್ಣಿಗೆ ಬೀಳದ ಗೆರೆ

ಮೇಷ್ಟ್ರೇ,

ಇಹಲೋಕ, ಪರಲೋಕ ಹಾಗೂ ಚಾಮರಾಜಪುರಂನ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿಮ್ಮ ಮನೆಯ ದೋಸೆ ಹೆಂಚಿನ ಅಂಚು ಕಳೆದ ಹದಿನೈದು ದಿನಗಳಿಂದ ಫಳಫಳ ಹೊಳೆಯುತ್ತಿದೆ. ಯಾವ ತೆಂಗಿನ ನಾರಿಗೂ, ಯಾವ ಮಗುಚುವ ಕೈಗೂ ಜಗ್ಗದೆ ಕೂತಿದ್ದ ಮೂರು ತಲೆಮಾರಿನ ಕರಕಲು ಕೊನೆಗೂ ಶರಣಾಗಿದೆ. ಈ ದಿಗ್ವಿಜಯದ ಕೀರ್ತಿ ಸಲ್ಲಬೇಕಾದದ್ದು ಅಂಗೈಯುದ್ದದ, ತುಸು ತಿರುಚಿಕೊಂಡ, ಬೂದು ಬೆಳ್ಳಿಬಣ್ಣದ ಒಂದು ಲೋಹದ ಅಲಗಿಗೆ. ಸಕಲರೂ ಎದ್ದು ನಿಂತು ಚಪ್ಪಾಳೆ ತಟ್ಟತಕ್ಕದ್ದು. ನೀವು ಮಾತ್ರ ಕೂತೇ ಇರಿ. ನಿಮ್ಮ ಹತ್ತಿರ ನನಗೆ ಬೇರೆ ಮಾತಿದೆ.

ಹೋದ ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಹೋಗಿದ್ದೆ. ನೀವು ತೀರಿಹೋಗಿ ಎರಡು ತಿಂಗಳಾದರೂ ಕಾರ್ಖಾನೆಯ ಯಾವುದೋ ಫಾರಂಗೆ ಗೌರಮ್ಮನವರ ಸಹಿ ಆಗಿರಲಿಲ್ಲ. ಆ ನೆಪದಲ್ಲಿ ಮಾತಾಡಿಸಿದಂತೆಯೂ ಆಗುತ್ತದೆ ಎಂದುಕೊಂಡೆ. ನಿಮ್ಮ ಧರ್ಮಪತ್ನಿ ಫಾರಂ ಕಡೆ ತಿರುಗಿಯೂ ನೋಡದೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಹೆಂಚಿಟ್ಟರು.

"ನೋಡಪ್ಪ ಸಿದ್ರಾಜು, ನಿಮ್ ಮೇಷ್ಟ್ರು ನಂಗೇಂತ ಎಂಥಾ ಸಾಮಾನು ಮಾಡ್ಸಿಟ್ಟವ್ರೆ! ಬೇಳೆ ಡಬ್ಬದ ಹಿಂದೆ ಬಟ್ಟೆ ಸುತ್ತಿ ಇಟ್ಬುಟ್ಟಿದ್ರು. ಮೊನ್ನೆ ಧೂಳು ಹೊಡೀತಾ ಸಿಕ್ತು. ಒಂದ್ ಮಾತು ಹೇಳ್ದೆ ಹೋಗ್ಬುಟ್ರು ನೋಡು. ತುಕ್ಕೇ ಹಿಡಿಯಲ್ಲ ಕಣಪ್ಪ ಇದು!"

ಹಿಡಿಯುವುದಿಲ್ಲ ಮೇಷ್ಟ್ರೇ. ಟೈಟಾನಿಯಂಗೆ ತುಕ್ಕು ಹಿಡಿಯುವ ಹಾಗಿದ್ದರೆ ನಮ್ಮಿಬ್ಬರ ಕಸುಬು ಎಂದೋ ಮುಗಿದಿರುತ್ತಿತ್ತು. ಅದು ಜೆಟ್ ಎಂಜಿನ್ನಿನೊಳಗೆ ಗಾಳಿಯನ್ನು ಹಿಂದಕ್ಕೆ ಒತ್ತುವ ಚಕ್ರದ ಬ್ಲೇಡು. ತಿರುಗಿಸಿ ಬುಡ ನೋಡಿದೆ. ಕೊರೆದ ನಂಬರು ಇತ್ತು. ಆ ನಂಬರು ನನಗೆ ನನ್ನ ಮೊಬೈಲ್ ನಂಬರಿಗಿಂತ ಚೆನ್ನಾಗಿ ಗೊತ್ತು. ಯಾಕೆಂದರೆ ನನಗೆ ಸಿಕ್ಕ ಮೆಮೋದಲ್ಲಿ ಅದನ್ನು ಎರಡು ಸಲ ಟೈಪು ಮಾಡಿದ್ದಾರೆ. ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ಹಾಕಿ ಆ ನಂಬರನ್ನೇ ಮತ್ತೊಮ್ಮೆ ಓದಿದೆ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೀವು ಹೇಳಿದ್ದು ನೆನಪಿದೆಯಾ? "ಆಕಾಶಕ್ಕೆ ಹೋದ್ಮೇಲೆ ರಸ್ತೆ ಬದೀಲಿ ನಿಲ್ಸಿ ಬಾನೆಟ್ ಎತ್ತಕ್ಕಾಗಲ್ಲ ಕಣಯ್ಯ. ಅದಕ್ಕೇ ಇಲ್ಲೇ ಎತ್ತಿ ನೋಡೋದು." ಹಾರಿ ಹಾರಿ ದಣಿದ ಎಂಜಿನ್ನು ನಮ್ಮ ಶೆಡ್ಡಿಗೆ ಬಂದರೆ ಕೊನೆಯ ತಿರುಪಿನವರೆಗೂ ಬಿಚ್ಚುತ್ತೇವೆ, ತೊಳೆಯುತ್ತೇವೆ, ಒಂದೊಂದನ್ನೂ ನೋಡುತ್ತೇವೆ, ಮತ್ತೆ ಜೋಡಿಸುತ್ತೇವೆ. ಜೋಡಿಸುವವರು ನೂರು ಜನ. ನೋಡುವವರು ನೀವು. ಬ್ಲೇಡನ್ನು ಹೊಳೆಯುವ ಎಣ್ಣೆಯಲ್ಲಿ ಅದ್ದಿ, ತೊಳೆದು, ಪುಡಿ ಉದುರಿಸಿ ಕತ್ತಲಕೋಣೆಯ ನೇರಳೆ ದೀಪದಡಿ ಹಿಡಿದರೆ, ಬಿರುಕಿದ್ದ ಕಡೆ ಹಸಿರು ದಾರದಂಥ ಗೆರೆ ಮಿನುಗುತ್ತದೆ. ಕೂದಲಿನ ಕಾಲುಭಾಗ ದಪ್ಪ. "ಮೈಸೂರಲ್ಲಿ ಇಂಥಾ ಕಣ್ಣು ಇನ್ನೊಂದು ಜೊತೆ ಇದ್ರೆ ತೋರ್ಸು, ಇವತ್ತೇ ರಿಟೈರ್ ಆಗ್ಬುಡ್ತೀನಿ" ಎನ್ನುತ್ತಿದ್ದಿರಿ. ನಿಮ್ಮ ಠಸ್ಸೆ ಬಿದ್ದರೆ ಅದು ಹಾರುತ್ತದೆ, ಬೀಳದಿದ್ದರೆ ಇಲ್ಲ. ಬ್ರಹ್ಮನೂ ಹಣೆಬರಹಕ್ಕೆ ಇಷ್ಟು ಗತ್ತಿನಿಂದ ಠಸ್ಸೆ ಒತ್ತಿರಲಾರ.

ದೀಪಾವಳಿ ಮುಗಿದ ವಾರ ಆ ಬ್ಲೇಡು ಕಾಣೆಯಾಯಿತಲ್ಲ, ಅವತ್ತಿನ ನಿಮ್ಮ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮಲ್ಲಿ ಕೆಟ್ಟ ಭಾಗವನ್ನು ಸುಮ್ಮನೆ ಬಿಸಾಡುವಂತಿಲ್ಲ. ಯಾರೋ ಹೊಳಪು ಕೊಟ್ಟು ಒಳ್ಳೆಯದೆಂದು ದಾಟಿಸಿಬಿಟ್ಟಾರು ಎಂದು, ಇಬ್ಬರ ಕಣ್ಣೆದುರು ಎರಡು ತುಂಡು ಮಾಡಬೇಕು. ಹಳೆಯದನ್ನು ರದ್ದಿನ ಡಬ್ಬಕ್ಕೆ ಹಾಕಿದೆ ಎಂದು ಬರೆದು ನೀವು ಸ್ಟೋರಿನಿಂದ ಹೊಸ ಬ್ಲೇಡು ತಂದಿರಿ. ಡಬ್ಬ ಆ ವಾರ ನನ್ನ ವಶದಲ್ಲಿತ್ತು. ಕತ್ತರಿಸುವ ದಿನ ನೋಡಿದರೆ ಒಂದು ಕಡಿಮೆ. ಮೂರು ದಿನ ಇಡೀ ಶೆಡ್ಡು ಗುಡಿಸಿದೆವು. ನೀವೂ ಮೊಣಕಾಲೂರಿ ಬೆಂಚಿನ ಕೆಳಗೆ ಹುಡುಕಿದಿರಿ. ಎಂಥಾ ನಟನೆ ಸ್ವಾಮೀ! ಪೇಪರಿನಲ್ಲಿ ಹಾಸ್ಯ ಬರೆಯುವವನು ನಾನು, ಬಹುಮಾನ ನಿಮಗೆ ಬರಬೇಕಿತ್ತು. ನನಗೆ ಮೆಮೋ ಬಂತು. ಇನ್ಸ್‌ಪೆಕ್ಟರ್ ಠಸ್ಸೆಗೆ ನಾನು ಬರೆಯಬೇಕಿದ್ದ ಪರೀಕ್ಷೆ ಹಿಂದಕ್ಕೆ ಹೋಯಿತು. ತೊಳೆಯುವ ವಿಭಾಗದಲ್ಲಿ ಮೂರು ತಿಂಗಳಿಂದ ಔಷಧಿ ನೀರಿನ ವಾಸನೆ ಕುಡಿಯುತ್ತಿದ್ದೇನೆ. ನೀವು ನಿಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನ್ನ ಮುಚ್ಚಳಕ್ಕೆ ಹಾಕಿ, "ಹೋಗ್ಲಿ ಬುಡು ಕಣಯ್ಯ, ನಿನ್ ಕಾಲ ಬರುತ್ತೆ" ಎಂದಿರಿ. ಆ ಚಿತ್ರಾನ್ನವನ್ನು ನಾನು ಕಣ್ಣಿಗೆ ಒತ್ತಿಕೊಂಡು ತಿಂದೆನಲ್ಲ ಮೇಷ್ಟ್ರೇ! ನಿಮಗೆ ಗಂಟಲಲ್ಲಿ ಇಳಿಯಿತಾ?

ಕಳ್ಳರೆಂದು ಬೈದು ಮುಗಿಸಬಹುದಿತ್ತು. ಆದರೆ ಗೌರಮ್ಮನವರು, "ಇದ್ರ ಜೊತೆ ಏನೋ ಚೀಟಿನೂ ಇತ್ತು" ಎಂದು ಬೇಳೆ ಡಬ್ಬದಿಂದಲೇ ತೆಗೆದುಕೊಟ್ಟರು. ಪಾಸಾದ ಭಾಗಕ್ಕೆ ಕಟ್ಟುವ ಹಸಿರು ಚೀಟಿ. ನಿಮ್ಮದೇ ಠಸ್ಸೆ. ಹಿಂದೆ ದಪ್ಪ ದಪ್ಪ ಅಕ್ಷರದಲ್ಲಿ, ಒಂದನೇ ಕ್ಲಾಸಿನ ಮಗು ಬರೆದ ಹಾಗೆ: "ಬುಡದಲ್ಲಿ ಗೆರೆ ಇದೆ. ನನಗೆ ಕಾಣಲಿಲ್ಲ. ಎರಡನೇ ಸಲ ಭೂತಗನ್ನಡಿಯಲ್ಲಿ ಕಂಡಿತು."

ಅಷ್ಟೇ. ಡಬ್ಬದಲ್ಲೇ ಇದ್ದಿದ್ದರೆ, ಠಸ್ಸೆ ಬಿದ್ದ ಬ್ಲೇಡಿನಲ್ಲಿ ಗೆರೆ ಹೇಗೆ ಎಂದು ಕತ್ತರಿಸುವ ದಿನ ಯಾರಾದರೂ ಕೇಳುತ್ತಿದ್ದರು. ಕದ್ದದ್ದು ಬ್ಲೇಡನ್ನಲ್ಲ. ನಿಮ್ಮ ಕಣ್ಣು ಹೋಗಿತ್ತು ಎಂಬ ಸುದ್ದಿಯನ್ನು.

ದಸರಾ ಕಳೆದ ಮೇಲೆ ನಡೆದ ಕಣ್ಣಿನ ಪರೀಕ್ಷೆ ತಕ್ಷಣ ನೆನಪಾಯಿತು. ಇನ್ಸ್‌ಪೆಕ್ಟರುಗಳೂ, ಆ ಠಸ್ಸೆಗೆ ಕಾದಿರುವ ನನ್ನಂಥವರೂ ವರ್ಷಕ್ಕೊಮ್ಮೆ ನರ್ಸ್ ಮುಂದೆ ಕೂತು, ಇರುವೆ ಸಾಲಿನಂಥ ಅಕ್ಷರದ ಕಾರ್ಡು ಓದಬೇಕು. ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿದ್ದವನು ನಾನು. ನೀವು ಎರಡನೇ ಮಗ್ಗಿ ಒಪ್ಪಿಸಿದಂತೆ ಗಡಗಡ ಓದಿದಿರಿ. ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಸಾರ್, ಕಾರ್ಡು ತಲೆಕೆಳಗಾಗಿ ಹಿಡ್ಕೊಂಡಿದೀರ" ಎಂದಳು. ನೀವು ಒಂದು ಕ್ಷಣವೂ ತಡವರಿಸಲಿಲ್ಲ. "ಗೊತ್ತು ಕಣಮ್ಮ. ನಿನ್ ಕಣ್ಣು ಸರೀಗಿದ್ಯಾ ಅಂತ ಪರೀಕ್ಷೆ ಮಾಡ್ದೆ." ಕೋಣೆಯೆಲ್ಲ ಗೊಳ್ಳೆಂದಿತು. ಆಕೆ ನಗುತ್ತಲೇ ಪಾಸು ಬರೆದಳು. ಹತ್ತಾರು ವರ್ಷ ಬದಲಾಗದ ಕಾರ್ಡು. ನಿಮಗೆ ಬಾಯಿಪಾಠವಾಗಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮುಂದಿನ ವಾರದ ಅಂಕಣಕ್ಕೆ ಸರಕಾಯಿತು ಎಂದು ಖುಷಿಪಟ್ಟೆ. ನೂರಾರು ಜನ ಕೂತು ಹಾರುವ ವಿಮಾನದ ಕಣ್ಣು ಕುರುಡಾಗಿದೆ ಎಂದು ಎದುರಿಗೇ ಗೊತ್ತಾಗುತ್ತಿತ್ತು, ನಾನು ಜೋಕು ಬರೆದುಕೊಳ್ಳುತ್ತಿದ್ದೆ. ಈ ಪತ್ರದ ಬೈಗುಳದಲ್ಲಿ ಇಷ್ಟು ಭಾಗ ನನ್ನ ಪಾಲಿನದು, ತೆಗೆದಿಟ್ಟುಕೊಂಡಿದ್ದೇನೆ.

ಇನ್ನು ಕ್ಯಾಂಟೀನಿನ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಮಾತ್ರ ಕ್ಷಮೆ ಇಲ್ಲ. ಸಂಜೆ ಪತ್ರಿಕೆಯಲ್ಲಿ ನನ್ನ ಅಂಕಣ ಬಂದ ಮಾರನೇ ದಿನ, ಪೇಪರು ನನ್ನ ಮುಂದೆ ತಳ್ಳಿ, "ಓದಯ್ಯ ನೋಡಾನ, ಬರೆದೋನ ಬಾಯಲ್ಲೇ ಕೇಳ್ಬೇಕು" ಎನ್ನುತ್ತಿದ್ದಿರಿ. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಆಸ್ಥಾನ ವಿದ್ವಾಂಸನ ಹಾಗೆ ಓದುತ್ತಿದ್ದೆ. ಮನೆಗೆ ಹೋಗಿ ಹೆಂಡತಿಯ ಹತ್ತಿರ, "ಮೇಷ್ಟ್ರಿಗೆ ನನ್ನ ಬರಹ ಅಂದ್ರೆ ಪ್ರಾಣ ಕಣೇ" ಎಂದು ಎಷ್ಟು ಸಲ ಹೇಳಿದ್ದೇನೋ! ನಿಮಗೆ ಅಕ್ಷರ ಕಾಣುತ್ತಿರಲಿಲ್ಲ. ಅಲ್ಲವಾ? ಇಷ್ಟಪಟ್ಟು ಕೇಳಿದ್ದು ಒಂದಾದರೂ ಇತ್ತೋ ಇಲ್ಲವೋ…

ಕಣ್ಣಿನ ಪೊರೆ ಇರಬೇಕು ಮೇಷ್ಟ್ರೇ, ಬರೀ ಪೊರೆ! ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದಿರಿ. ಕಪ್ಪು ಕನ್ನಡಕ ಹಾಕಿಕೊಂಡು ಒಂದು ತಿಂಗಳು ಹೀರೋ ಥರ ಓಡಾಡುತ್ತಿದ್ದಿರಿ. ಠಸ್ಸೆ ಕಿತ್ತುಕೊಳ್ಳುತ್ತಾರೆ ಎಂದು ಹೆದರಿದಿರಾ? ಉಳಿದ ಎಂಟು ತಿಂಗಳ ಸರ್ವೀಸು ಹಾಗೇ ಗೌರವದಿಂದ ದಾಟಿಬಿಡೋಣ ಎಂದಾ? ನನ್ನನ್ನಾದರೂ ಕರೆದು, "ಸಿದ್ರಾಜು, ನಂಗ್ಯಾಕೋ ಮಂಜಾಗ್ತದೆ, ಪಕ್ಕದಲ್ಲಿ ನಿಂತ್ಕೊ" ಎಂದಿದ್ದರೆ ನಿಲ್ಲುತ್ತಿರಲಿಲ್ಲವಾ? ಹೋಗಲಿ, ಆ ಗೆರೆ ತಪ್ಪಿದ್ದು ಗೊತ್ತಾದ ಮೇಲೂ ಮಾರನೇ ದಿನ ಅದೇ ಕತ್ತಲಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಲ್ಲ. ಅದಕ್ಕೆ ಏನು ಹೇಳುತ್ತೀರಿ? ಹೇಳಿ! ನೀವು ಎದೆ ಹಿಡಿದುಕೊಂಡು ಹೊರಟುಹೋದದ್ದು ನಿಮ್ಮ ಪುಣ್ಯ. ಇದ್ದಿದ್ದರೆ ಈ ಪತ್ರವನ್ನು ಕಾರ್ಖಾನೆಯ ಗೇಟಿನಲ್ಲಿ ನಿಮ್ಮನ್ನು ನಿಲ್ಲಿಸಿ ಓದುತ್ತಿದ್ದೆ.

ಸೋಮವಾರ ಬೆಳಿಗ್ಗೆ ಬ್ಲೇಡು, ಚೀಟಿ ಎರಡನ್ನೂ ಮ್ಯಾನೇಜರ್ ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಹೋದವರು ಹೋದ್ರು ಸಿದ್ದರಾಜು. ಒಳ್ಳೆ ಮನುಷ್ಯ. ಡಬ್ಬದ ಹಿಂದೆ ಬಿದ್ದಿತ್ತು ಅಂತ ಬರೆದ್ಕೊಡಿ. ನಿಮ್ ಮೆಮೋ ನಾಳೆನೇ ವಾಪಸ್ಸು. ಪರೀಕ್ಷೆಗೂ ಕೂರಿಸ್ತೀನಿ."

ಬೇಕಿತ್ತು ಮೇಷ್ಟ್ರೇ. ಸುಳ್ಳು ಯಾಕೆ ಹೇಳಲಿ, ನನಗೆ ಆ ಠಸ್ಸೆ ಬಹಳ ಬೇಕಿತ್ತು. ನಿಮ್ಮ ಹೆಸರೂ ಉಳಿಯುತ್ತಿತ್ತು. ಪೆನ್ನು ತೆಗೆದೂ ಆಗಿತ್ತು.

"ಸಾರ್, ಈ ಒಂದ್ ಬ್ಲೇಡಾಗಿದ್ರೆ ಬರೆದ್ಬುಡ್ತಿದ್ದೆ. ಅದೇ ಕಣ್ಣಲ್ಲಿ ಅವರು ನೋಡಿ ಕಳ್ಸಿದ ಮಿಕ್ಕಿದ್ದೆಲ್ಲ ಎಲ್ಲಿದೆ ಸಾರ್ ಈಗ?"

ಅವರು ಅಪ್ರಯತ್ನವಾಗಿ ಮೇಲೆ ನೋಡಿದರು. ಮೇಲೆ ಫ್ಯಾನು ತಿರುಗುತ್ತಿತ್ತು, ಅಷ್ಟೇ. ಆದರೆ ಇಬ್ಬರಿಗೂ ಅರ್ಥವಾಯಿತು. ಆಮೇಲೆ ಮೆಲ್ಲಗೆ ಕೇಳಿದರು: "ಯಾವಾಗಿಂದ ಕಾಣ್ತಿರ್ಲಿಲ್ಲ ಅವರಿಗೆ? ಅದ್ ಗೊತ್ತಾಗ್ದೆ ಯಾವ ಎಂಜಿನ್ ವಾಪಸ್ ಕರೆಸ್ಲಿ? ಮೂವತ್ತು ವರ್ಷದ್ದೂ ಕರೆಸ್ಲಾ?"

ಅದನ್ನೇ ಹಿಡಿದುಕೊಂಡು ಅವತ್ತು ಸಂಜೆ ಮತ್ತೆ ಗೌರಮ್ಮನವರ ಮುಂದೆ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಳುತ್ತಾರೆ, ಇಲ್ಲವೇ ನನ್ನನ್ನು ಮನೆಯಿಂದ ಆಚೆ ಹಾಕುತ್ತಾರೆ ಎಂದು ಚಪ್ಪಲಿಯನ್ನು ಹತ್ತಿರವೇ ಬಿಟ್ಟಿದ್ದೆ. ಅವರು ಎರಡನ್ನೂ ಮಾಡಲಿಲ್ಲ, ಹೇಳಿದರು:

"ಭಾನುವಾರ ಅಕ್ಕೀಲಿ ಕಲ್ಲು ಆರ್ಸೋದು ಅವ್ರೇ ಕಣಪ್ಪ. ನಂಗೆ ಬುಡ್ತಾನೇ ಇರ್ಲಿಲ್ಲ. 'ನಿಂಗೇನ್ ಗೊತ್ತು, ಇದು ಇನ್ಸ್‌ಪೆಕ್ಷನ್ನು' ಅನ್ನೋರು. ಮೂವತ್ತು ವರ್ಷ ಒಂದ್ ಕಲ್ಲು ಸಿಕ್ಕಿರ್ಲಿಲ್ಲ ಊಟದಲ್ಲಿ. ಹೋದ್ ಯುಗಾದಿ ದಿನ ನನ್ ತಟ್ಟೇಲಿ ಸಿಕ್ತು. ಹಲ್ಲೇ ಅಲ್ಲಾಡ್ ಹೋಯ್ತು."

"ಅದೇ ಮೊದ್ಲನೇದಾ ಅಮ್ಮಾ?"

"ನನ್ ತಟ್ಟೇಲಿ ಅದೇ ಮೊದ್ಲು. ಅವ್ರ್ ತಟ್ಟೇಲಿ ಸಿಕ್ಕಿದ್ರೆ ಎಲ್ಲಿ ಹೇಳೋರು? ಮಜ್ಜಿಗೆ ಕುಡ್ದು ನುಂಗ್ಬುಡೋ ಜಾತಿ ಅವ್ರು."

ಈಗ ನೀವು ಕೇಳಿಸಿಕೊಳ್ಳದ ಸುದ್ದಿ. ಯುಗಾದಿಯಿಂದೀಚೆಗೆ ನಿಮ್ಮ ಠಸ್ಸೆ ಬಿದ್ದ ಐದು ಎಂಜಿನ್ನುಗಳ ನಂಬರನ್ನು ನಾನೇ ನನ್ನ ಕೈಯಾರೆ ಬರೆದು, ಕೆಳಗೆ ಸಹಿ ಮಾಡಿದ್ದೇನೆ. ಕಾರಣದ ಮುಂದೆ ನಿಮ್ಮ ಹೆಸರಿದೆ. ಮ್ಯಾನೇಜರ್ ಸಾಹೇಬರೂ ಕೊನೆಗೆ ಸಹಿ ಹಾಕಿದರು. ಒಂದು ನಿನ್ನೆ ಬಂದಿಳಿದಿದೆ, ಬಿಚ್ಚುತ್ತಿದ್ದೇವೆ. ಮೊದಲ ಸಾಲಿನ ಬ್ಲೇಡುಗಳಲ್ಲಿ ಏನೂ ಸಿಗಲಿಲ್ಲ. ಎರಡನೇ ಸಾಲು ಇನ್ನೂ ಎಣ್ಣೆಯಲ್ಲಿದೆ. ಒಂದೊಂದು ಬ್ಲೇಡು ತೊಳೆದು ಬೇರೆ ಇನ್ಸ್‌ಪೆಕ್ಟರ ಕೈಗೆ ಕೊಡುವಾಗಲೂ ನಿಮ್ಮನ್ನು ಬೈಯುತ್ತೇನೆ, ಗೆರೆ ಕಾಣದಿದ್ದಾಗ "ಶಾಭಾಷ್ ಮೇಷ್ಟ್ರೇ" ಎನ್ನುತ್ತೇನೆ, ಮುಂದಿನದನ್ನು ಎತ್ತಿಕೊಂಡು ಮತ್ತೆ ಬೈಯುತ್ತೇನೆ. ನಿಮ್ಮ ಹೆಸರು ಶೆಡ್ಡಿನಲ್ಲಿ ಮೊದಲಿನಂತೆ ಉಳಿದಿಲ್ಲ. ನನ್ನ ಪರೀಕ್ಷೆಯ ಮಾತೂ ಯಾರೂ ಎತ್ತುತ್ತಿಲ್ಲ.

ಯುಗಾದಿಗೆ ಹಿಂದಿನವು ಮಾತ್ರ ಇನ್ನೂ ಹಾರುತ್ತಿವೆ. ಅವನ್ನು ಇಳಿಸಿ ಎನ್ನಲು ನನ್ನ ಹತ್ತಿರ ಏನೂ ಇಲ್ಲ.

ಆದ್ದರಿಂದ ಒಂದು ಸಣ್ಣ ಉಪಕಾರ ಆಗಬೇಕು. ನನ್ನ ಕನಸಿಗೆ ಬರಬೇಡಿ, ಬಂದರೆ ಜಗಳವಾಗುತ್ತದೆ. ಗೌರಮ್ಮನವರು ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಒರಗುತ್ತಾರೆ. ಆಗ ಬಂದು, ನೀವು ಮಜ್ಜಿಗೆಯ ಜೊತೆ ಮೊದಲ ಕಲ್ಲು ನುಂಗಿದ್ದು ಯಾವ ಹಬ್ಬಕ್ಕೆ ಎಂದು ಹೇಳಿ ಹೋಗಿ. ತಾರೀಖು ಬೇಡ, ಹಬ್ಬ ಸಾಕು. ಶುಕ್ರವಾರದೊಳಗೆ ಆದರೆ ಅನುಕೂಲ.

ಇಂತಿ,
ಸಿದ್ದರಾಜು
ತೊಳೆಯುವ ವಿಭಾಗ