ಏಳು ಹುಳಗಳ ಗುಡ್ಡ

ಭಾಂಡುಪ್ (ಪಶ್ಚಿಮ)
೩೧ ಜುಲೈ ೨೦೨೪, ಬುಧವಾರ

ಪ್ರೀತಿಯ ಯಕ್ಷಿತಾ,

ಇಲ್ಲಿ ಅಮ್ಮನೂ ನಾನೂ ಕ್ಷೇಮ. ಮಲಾಡಿನಲ್ಲಿ ನೀನೂ ಕ್ಷೇಮವೆಂದು ನಿನ್ನ ಡಿಪಿ ಹೇಳುತ್ತಿದೆ. ಶನಿವಾರವೇ ಬರೆಯಬೇಕಿದ್ದ ಕಾಗದ ಇದು, ತಡವಾಯಿತು, ಕ್ಷಮಿಸು. ಮೊದಲು ಬರೆದು ಹರಿದ ಮೂರರಲ್ಲೂ ಖಾರ ಜಾಸ್ತಿಯಾಗಿತ್ತು. ಭಾಂಡುಪಿನಿಂದ ಮಲಾಡಿಗೆ ಅಂಚೆಯೇ ಎಂದು ನಗಬೇಡ. ಮೆಸೇಜು ಹಾಕಿದರೆ ನೀನು ಎರಡು ನೀಲಿ ಗೆರೆ ತೋರಿಸಿ ಸುಮ್ಮನಾಗುತ್ತೀ. ಕನ್ನಡ ಕಾಗದವನ್ನಾದರೆ ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಅಷ್ಟು ಹೊತ್ತಾದರೂ ನನ್ನ ಹತ್ತಿರ ಕೂತ ಹಾಗಾಯಿತು.

ಮೊದಲು ಸುದ್ದಿ. ರಿಟೈರಾದ ಮೇಲೆ ನಾನು ತರಗತಿಯಿಂದ ತರಗೆಲೆಗೆ ಇಳಿದಿದ್ದೇನೆ. ನಮ್ಮ ಕಾಲನಿಯ ಹಿಂದಿನ ಗುಡ್ಡ, ಅದೇ, ನಿನ್ನ ಕಂಪನಿಗಾಗಿ ನೀನು ಪರಿಸರ ವರದಿ ಬರೆದ ಗುಡ್ಡ. ಅಲ್ಲಿಂದ ಒಂದೇ ಚದರಡಿ ನೆಲದ ಎಲೆ ಕೆರೆದು ತಂದು, ಆಲಿಕೆಯ ಮೇಲೆ ಜಾಲರಿ ಇಟ್ಟು ಹರಡಿ, ಮೇಲೊಂದು ಬಲ್ಬು ಉರಿಸಿದೆ. ಬೆಳಕು, ಸೆಕೆ ತಾಳದ ಹುಳಗಳು ಕೆಳಕೆಳಗೆ ಇಳಿದು ಸ್ಪಿರಿಟಿನ ಬಾಟ್ಲಿಗೆ ಬೀಳುತ್ತವೆ. ಮೂರು ದಿನಕ್ಕೆ ನಲವತ್ತೊಂದು ಬಗೆ. ಸಾವಿರ ಕಾಲಿನ ಚೋರಟೆ, ಇರುವೆ, ಜೇಡ, ಸಾಸಿವೆಗಿಂತ ಸಣ್ಣ ಬಸವನಹುಳು, ಬಾಲ ಮರೆತು ಬಂದ ಚೇಳಿನಂಥದ್ದೊಂದು. ಅಮ್ಮ ಇಣುಕಿ ನೋಡಿ, "ಅಡುಗೆಮನೆಯ ಆಲಿಕೆ ಹಾಳು ಮಾಡಿದ್ರಲ್ಲ ಮಾರಾಯ್ರೆ, ಇನ್ನು ಎಣ್ಣೆ ಯಾವುದ್ರಲ್ಲಿ ಹೊಯ್ಯುದು?" ಎಂದಳು.

ನಿನ್ನ ವರದಿಯಲ್ಲಿ ಇರುವುದು ಏಳು ಬಗೆ.

ನಾನು ಹುಳುಕು ಹುಡುಕುವವನಲ್ಲ, ಹುಳು ಹುಡುಕುವವನು. ಆದರೂ ಅನುಬಂಧದ ತನಕ ಓದಿದೆ. ನೀವು ಎಲೆ ತೆಗೆದದ್ದು ಮೇ ಹದಿನಾಲ್ಕಕ್ಕೆ. ಆ ಸೆಕೆಗೆ ನಾವೇ ಫ್ಯಾನಿನಡಿ ಸೇರಿಕೊಳ್ಳುತ್ತೇವೆ, ಹುಳ ಮಣ್ಣೊಳಗೆ ಸೇರುವುದಿಲ್ಲವೇ? ತೆಗೆದ ಜಾಗವೋ ರಸ್ತೆ ಬದಿಯಲ್ಲಿ, ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಗಿಡಗಳ ತೋಪು. ಒಂದೇ ಬಗೆಯ ಎಲೆ, ಅದೂ ತೆಳು, ಬಿದ್ದು ನಾಲ್ಕು ದಿನಕ್ಕೆ ಕರಗುವಂಥದು. ಮಿಕ್ಕದ್ದನ್ನು ಗುಡಿಸುವವರು ರಾಶಿ ಹಾಕಿ ಸುಡುತ್ತಾರೆ. ಇಡ್ಲಿ ಬಿಟ್ಟರೆ ಬೇರೇನೂ ಮಾಡದ ಹೋಟೆಲಿಗೆ, ಇಡ್ಲಿಯೂ ಮುಗಿದ ಮೇಲೆ ಹೋಗಿ, ಈ ಊರಿನಲ್ಲಿ ಗಿರಾಕಿಗಳೇ ಇಲ್ಲ ಎಂದು ಬರೆದ ಹಾಗಾಯಿತು. ಮೇಲಕ್ಕೆ ಹತ್ತಿದ್ದರೆ ತೇಗ, ಮತ್ತಿ, ಮುತ್ತುಗ, ಬಿದಿರು ಎಲ್ಲ ಕಲೆತಿವೆ. ಒಂದು ಎಲೆ ತಿಂಗಳಿಗೆ ಕೊಳೆತರೆ ಇನ್ನೊಂದಕ್ಕೆ ವರ್ಷ ಬೇಕು. ಅಡಿಯಲ್ಲಿ ತೇವ, ನಡುವೆ ಬೂಷ್ಟು, ಮೇಲೆ ನೆರಳು. ನಾಲ್ಕು ಬೆರಳು ದಪ್ಪದೊಳಗೆ ಒಂದು ಇಡೀ ಚಾಳು, ಒಬ್ಬೊಬ್ಬರಿಗೂ ಒಂದೊಂದು ಖೋಲಿ.

ಇದನ್ನೆಲ್ಲ ನಿನಗೆ ನಾನು ಹೇಳಬೇಕೇ? ಒಂಬತ್ತು ವರ್ಷದವಳಿದ್ದಾಗ ಇದೇ ಗುಡ್ಡದಲ್ಲಿ ನನ್ನ ಕೈ ತಡೆದು, "ಸೂಖಾ ಪತ್ತಾ ಮತ್ ಉಠಾವೋ ಅಪ್ಪಾ, ಒದ್ದೆ ಇರೋದು ಎತ್ತಿ, ಉಸೀ ಮೇ ಹುಳ ಇರ್ತಾವೆ" ಎಂದವಳು ನೀನು. ನಿನ್ನ ಅಜ್ಜ ವಡಾಲದ ಹೋಟೆಲಿನಲ್ಲಿ ಉಂಡವರ ಎಲೆ ಎತ್ತುತ್ತಿದ್ದರು. ಎತ್ತಿದ ಎಲೆ ನೋಡಿಯೇ, ಇವತ್ತು ಸಾಂಬಾರು ಕೆಟ್ಟಿದೆ ಎಂದು ಭಟ್ಟರ ಮುಖಕ್ಕೆ ಹೇಳುತ್ತಿದ್ದರು. ನಾನು ಎಲೆ ಎತ್ತಿ ಪಾಠ ಮಾಡಿದೆ. ನೀನು ಎತ್ತಿದ್ದನ್ನು ಮತ್ತೆ ಮುಚ್ಚಿದೆ.

ಶನಿವಾರದ ಅಹವಾಲು ಸಭೆಗೆ ನಾನು ಬಂದದ್ದನ್ನು ನೀನು ನೋಡಿದ್ದೀ. ಗುಡ್ಡ ಕಡಿದು ನಾಲ್ಕು ಟವರು ಕಟ್ಟುವ ಯೋಜನೆ. ನೀನು ವೇದಿಕೆಯಿಂದ ಪರದೆ ತೋರಿಸಿ ಓದಿದೆ: ಬೆನ್ನೆಲುಬಿಲ್ಲದ ಜೀವಿಗಳ ವೈವಿಧ್ಯ ನಗಣ್ಯ. ಸರಿಯೇ, ವೇದಿಕೆಯ ಮೇಲಿದ್ದವರು ಗಣ್ಯರು, ಎಲೆಯಡಿ ಇದ್ದವು ನಗಣ್ಯ. ಪಕ್ಕದಲ್ಲಿ ಕೂತಿದ್ದ ನಮ್ಮ ಸೊಸಾಯಿಟಿಯ ನೀಲಕಂಠಪ್ಪ, ಧಾರವಾಡದವರು, ನನ್ನ ಕಡೆ ವಾಲಿ, "ದೂಜ ಸರ, ಏಳು ಹುಳದ ಸಲುವಾಗಿ ಗುಡ್ಡ ಬಿಡಾಕ ಆಗ್ತದೇನ್ರಿ? ಅವಕ್ಕೂ ಒಂದೊಂದು ಫ್ಲ್ಯಾಟ್ ಕೊಟ್ಟ ಬಿಡ್ಲಿ ತಗೀರಿ" ಎಂದರು. ಸುತ್ತಲಿನವರು ನಕ್ಕರು. ನಾನು ಕೈ ಎತ್ತಿದೆ, ಮೈಕು ಬಂತು, ಎದ್ದು ನಿಂತೆ. ಆಮೇಲೆ ಏನೂ ಕೇಳದೆ ಕೂತೆ. ಬೆನ್ನೆಲುಬಿಲ್ಲದ ನಲವತ್ತೆರಡನೆಯ ಬಗೆ ನಾನೇ ಎಂದು ಬರೆದುಕೋ.

ಈಗ ವಿಷಯ. ಲಿಖಿತ ಆಕ್ಷೇಪಕ್ಕೆ ಆಗಸ್ಟ್ ಹನ್ನೆರಡರ ತನಕ ಅವಕಾಶವಿದೆ. ನೀನೇ ಎರಡು ಸಾಲು ಬರೆ: ಎಲೆ ತೆಗೆದದ್ದು ತಪ್ಪು ತಿಂಗಳಲ್ಲಿ, ತಪ್ಪು ಮರದಡಿ, ಮಳೆಗಾಲದಲ್ಲಿ ಮತ್ತೆ ತೆಗೆಯಬೇಕು. ನಿನ್ನ ಬಾಸು ಬೈದಾನು, ಕೆಲಸವೇ ಹೋದೀತು, ಇಲ್ಲವೆನ್ನುವುದಿಲ್ಲ. ಆದರೆ ನೀನು ಬರೆದರೆ ಅದು ತಿದ್ದುಪಡಿ. ನೀನು ಬರೆಯದೆ ಹತ್ತನೇ ತಾರೀಕಿಗೆ ನಾನು ಬರೆದರೆ, ನಿನ್ನ ಹೆಸರು ಹಿಡಿದು ನಿನ್ನ ಮೇಲೆ ಕೊಟ್ಟ ದೂರು. ಇದನ್ನು ಹೇಳಿದಾಗಿನಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮೊದಲು ಅಂದದ್ದು ಇಷ್ಟು: "ಹುಳಕ್ಕೆಲ್ಲ ಅಪ್ಪ ಆಗ್ಲಿಕ್ಕೆ ಹೊರಟಿದ್ದೀರಿ. ಇದ್ದ ಒಬ್ಳು ಮಗಳಿಗೆ ಅಪ್ಪ ಯಾರು?"

ಏನೇ ಇರಲಿ, ಚೌತಿಗೆ ಮನೆಗೆ ಬಾ. ಲೋಕಲಿನ ಬಾಗಿಲಲ್ಲಿ ನೇತಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಮಗಳೇ, ನನ್ನಿಂದ ಆಗದಿದ್ದರೆ ನನ್ನನ್ನು ಮೀರಿಯಾದರೂ ಆಗಲಿ.

ನಿನ್ನ
ಅಪ್ಪ

ತಾ.ಕ.: ಮೈಕು ಹಿಡಿದು ನಿಂತಾಗ ನನಗೆ ಪ್ರಶ್ನೆ ಮರೆತಿರಲಿಲ್ಲ, ಹೆದರಿಕೆಯೂ ಆಗಿರಲಿಲ್ಲ. ನೀನು ನನ್ನ ಮುಖವನ್ನೇ ನೋಡಿ, "ಅಂಕಲ್, ಆಪ್ ಬೈಠಿಯೇ, ಟೆಕ್ನಿಕಲ್ ಸವಾಲ್ ಬಾದ್ ಮೇ ಲೇಂಗೇ" ಎಂದು, ಪ್ರಶ್ನೆ ಆಮೇಲೆ ಎಂದು ಕೂರಿಸಿದೆಯಲ್ಲ, ಆ 'ಅಂಕಲ್' ಕೇಳಿ ಕೂತೆ. ನನ್ನ ಆಕ್ಷೇಪದ ಫಾರ್ಮನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಎಲ್ಲ ತುಂಬಿಸಿ ಆಗಿದೆ. 'ವರದಿ ತಯಾರಿಸಿದವರಿಗೂ ನಿಮಗೂ ಇರುವ ಸಂಬಂಧ' ಎಂಬ ಕಾಲಂ ಒಂದನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ನೀನು ಬರೆದು ಹತ್ತರೊಳಗೆ ವಾಪಸು ಕಳಿಸು. ಪೆನ್ಸಿಲಿನಲ್ಲಿ ಬರೆದರೂ ಸಾಕು.