ಮಹಬೂಬಿಯ ಕೊರಳಪೆಟ್ಟಿಗೆ

ಬೆಟಗೇರಿ
ಇಸವಿ ೨೨೩೧, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ

ಹಿಂದಿನವರಿಗೆ ಮುಂದಿನವಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಇದ್ದ ತಿಂಗಳುಗಳಲ್ಲಿ ಬೇಸಿಗೆ ಹಿಡಿಸದಷ್ಟು ಬೆಳೆದಾಗ ನಮ್ಮ ಹಿರಿಯರು ಇನ್ನೊಂದು ತಿಂಗಳು ಸೇರಿಸಿ ಅದಕ್ಕೆ ಮರುಬೇಸಿಗೆ ಎಂದು ಹೆಸರಿಟ್ಟರು. ನನ್ನ ಕನ್ನಡದಲ್ಲಿಯೂ ನಿಮಗೆ ಗುರುತು ಸಿಗದ ಮಾತುಗಳು ಬರುತ್ತವೆ, ಕ್ಷಮಿಸಿ. ಈ ಪತ್ರ ಬರುವುದು ಹಿಂಗಾಲಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಅದು ವಿಳಾಸ ಕೇಳುವುದಿಲ್ಲ, ಓದಬೇಕಾದವರು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತದೆ. ‘ಹೊಸ ಸಿಂಥಸೈಜರ್ ತೆಗೆದುಕೊಳ್ಳಲು ಹೋಲಿಸಿ ನೋಡುತ್ತಿದ್ದಾರೆ’ ಎಂದು ಬರೆಸಿದ್ದೇನೆ. ಹಾಗಾಗಿ ಇದು ಕೈಸೇರಿದ ಹೊತ್ತಿಗೆ ನೀವು ಮೂರು ನಾಲ್ಕು ಪೆಟ್ಟಿಗೆಗಳ ವಿಡಿಯೊ ನೋಡುತ್ತ, ಯಾವುದರಲ್ಲಿ ದನಿ ಹೆಚ್ಚು, ಯಾವುದರಲ್ಲಿ ಗುಂಡಿ ಹೆಚ್ಚು ಎಂದು ಎಣಿಸುತ್ತ ಕುಳಿತಿರುತ್ತೀರಿ. ಸ್ವಲ್ಪ ತಡೆಯಿರಿ.

ನಾನು ಶಾಕಾಂಬರಿ ಮಗ್ಗದ. ಕಸುಬು ಒರೆಗಾರಿಕೆ. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡಿದ ಹಾಗೆ ಹೊಸ ವಾದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನುಡಿಸಿ, ಯಾವುದು ಯಾರ ಕೈಗೆ ಆದೀತು ಎಂದು ಹೇಳುವ ಕೆಲಸ. ಹಗಲೆಲ್ಲ ನಾವು ನೆಲಮನೆಯಲ್ಲಿ, ಎಂದರೆ ಬಿಸಿಲಿಗೆ ಹೆದರಿ ಮನೆಯ ಕೆಳಗೆ ತೋಡಿಕೊಂಡ ಕೋಣೆಯಲ್ಲಿ ಇರುತ್ತೇವೆ. ಒಂದು ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ, ಇನ್ನೊಂದು ಗೋಡೆಯಾಚೆ ಯಾರೋ ಸಿಂಥಸೈಜರಿನ ತಗ್ಗು ದನಿ ತಿದ್ದುತ್ತಿರುವ ಸಪ್ಪಳ. ಹೊತ್ತು ಇಳಿದ ಮೇಲೆ ಓಣಿಗೆ ನೀರು ಚಿಮುಕಿಸಿ ಮೇಳಗಳು ಕೂಡುತ್ತವೆ. ಮೊಹರಂ ಹೆಜ್ಜೆಮೇಳ ನಿಮ್ಮ ಕಾಲದಲ್ಲಿಯೂ ಇತ್ತು. ಬೆಂಕಿಯ ಕುಣಿಯ ಸುತ್ತ ಎಲ್ಲ ಜಾತಿಯವರೂ ಕೂಡಿ ಕರ್ಬಲಾದ ಕತೆ ಹೇಳುವ ರಿವಾಯತ ಪದ ಹಾಡುತ್ತ ಹೆಜ್ಜೆ ಹಾಕುವುದು ಈಗಲೂ ಹಾಗೆಯೇ ಇದೆ, ಸಿಂಥಸೈಜರ್ ಮಾತ್ರ ಹೊಸದಾಗಿ ಸೇರಿದೆ. ಹೊಸದು ಎಂದರೆ ನಾಲ್ಕು ತಲೆಮಾರಿನ ಹಿಂದೆ. ಮುಂದಾಳು ಸಾಲು ಎತ್ತಿಕೊಡುತ್ತಾರೆ, ಹಿಮ್ಮೇಳ ಹಿಡಿಯುತ್ತದೆ.

ನಮ್ಮ ಓಣಿಯ ಮುಂದಾಳು ಮಹಬೂಬಿ ನದಾಫ. ಹೋದ ವರ್ಷ ಧೂಳುಬೇನೆ ಅವಳ ಗಂಟಲು ಹಿಡಿಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವಳದು ಬರೀ ಪಿಸುಮಾತು. ಊರಿನ ವಾದ್ಯಭಂಡಾರದಿಂದ ಒಂದು ಮೇಳಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಒಂದೇ ವಾದ್ಯ ಸಿಗುತ್ತದೆ, ಈ ಸಲ ನಮ್ಮ ಪಾಳಿ. ಬಂದ ವಾದ್ಯದಿಂದ ಮಹಬೂಬಿ ಮೇಳ ನಡೆಸಿದರೆ ಆಯಿತು, ಇಲ್ಲವಾದರೆ ಮೊಹರಂಗೆ ಬೇರೆಯವರು ಮುಂದೆ ನಿಲ್ಲಲಿ ಎಂದು ಹಿರಿಯರು ಹೇಳಿಬಿಟ್ಟರು. ಹುಡುಗಿಯಾಗಿದ್ದಾಗಿನಿಂದ ಮುಂದೆ ನಿಂತವಳು ಅವಳು. ಹೇಗಾದರೂ ಅವಳನ್ನು ಅಲ್ಲಿಯೇ ನಿಲ್ಲಿಸಬೇಕು ಎಂದುಕೊಂಡು ಕೆಲಸಕ್ಕೆ ಕುಳಿತೆ.

ಒರೆಗೆ ಮೂರು ಯಂತ್ರ ಬಂದವು. ಮೊದಲನೆಯದು ಸರ್ವಕಂಠ. ಒಬ್ಬರ ಹಳೆಯ ಹಾಡುಗಳನ್ನು ಅದಕ್ಕೆ ಕೇಳಿಸಿದರೆ ಅದೇ ಕಂಠದಲ್ಲಿ ಹೊಸ ಪದ ಹಾಡುತ್ತದೆ, ಒಂದು ಸ್ವರ ಒತ್ತಿದರೆ ಉಳಿದ ಸಾಲನ್ನು ತಾನೇ ಊಹಿಸಿ ಮುಗಿಸುತ್ತದೆ. ಎರಡನೆಯದಕ್ಕೆ ನಮ್ಮವರು ಸಾವಿರಗುಂಡಿ ಎಂದು ಹೆಸರಿಟ್ಟರು. ಅದರ ತಗ್ಗು ದನಿಗೆ ನೆಲ ಅದುರುತ್ತದೆ, ಅಂಥ ನಾದ ಉಳಿದ ಎರಡರಲ್ಲಿಯೂ ಇಲ್ಲ. ಆದರೆ ಅದಕ್ಕೆ ಮೇಜು ಬೇಕು, ಎರಡೂ ಕೈ ಬೇಕು. ಮುಂದಾಳು ಕರವಸ್ತ್ರ ಬೀಸುತ್ತ ಕುಣಿ ಸುತ್ತುವವಳು, ಮೇಜು ಹೊತ್ತುಕೊಂಡು ಸುತ್ತಬೇಕೇ? ಮೂರನೆಯದು ಕೊರಳಪೆಟ್ಟಿಗೆ. ಕೊರಳಿಗೆ ತೂಗುಹಾಕಿಕೊಂಡು ಕೊಳವೆಗೆ ಊದುವುದು, ಒಂದು ಕೈಯಿಂದ ಸ್ವರ ಬದಲಿಸುವುದು. ಇರುವುದು ನಾಲ್ಕೇ ದನಿ, ನಾಲ್ಕೂ ನೆಗಡಿಯಾದವರು ಹಾಡಿದ ಹಾಗೆ. ಅದನ್ನು ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕರು.

ಸಹಜವಾಗಿಯೇ ಎಲ್ಲರ ಮನಸ್ಸು ಸರ್ವಕಂಠದ ಮೇಲೆ ಹೋಯಿತು. ಅದರಿಂದ ಮಹಬೂಬಿಯ ದನಿ ಹೊರಬಂದಾಗ ಅವಳ ತಾಯಿ ಖಾದರಬಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು. ಆದರೆ ಮೇಳ ಶುರುವಾದೊಡನೆ ಹಿಮ್ಮೇಳ ಎಡವಿತು. ಒಬ್ಬ ಮೊದಲೇ ಹಿಡಿದ, ಇನ್ನೊಬ್ಬ ತಡವಾಗಿ ಹಿಡಿದ, ಮೂರನೆಯವನು ಹಿಡಿಯಲೇ ಇಲ್ಲ. ಹಿಮ್ಮೇಳದ ಹಿರಿಯ ದ್ಯಾಮಣ್ಣ ತಲೆ ಕೆರೆದುಕೊಂಡು, “ಯವ್ವಾ, ದನಿ ಛಂದ ಐತಿ. ಆದ್ರ ಎಲ್ಲಿ ಹಿಡೀಬೇಕೋ ತಿಳೀವಲ್ದು” ಎಂದ. ಭಂಡಾರದಿಂದ ಬಂದಿದ್ದ ತರುಣ ಬಹಳ ಓದಿಕೊಂಡವನು. ಅವನು ಯಂತ್ರಕ್ಕೊಂದು ಹಸಿರು ದೀಪ ಕಟ್ಟಿ, ಅದು ಹತ್ತಿದಾಗ ಹಾಡಿರಿ ಎಂದ. ಎಲ್ಲರೂ ದೀಪ ನೋಡುತ್ತ ಹೆಜ್ಜೆ ಮರೆತು ಒಬ್ಬರ ಮೇಲೊಬ್ಬರು ಬಿದ್ದರು. ದ್ಯಾಮಣ್ಣನ ಕರವಸ್ತ್ರ ಕುಣಿಯೊಳಗೆ ಹೋಯಿತು, ಪುಣ್ಯಕ್ಕೆ ಅಂದು ಬೆಂಕಿ ಇರಲಿಲ್ಲ.

ಏನು ತಪ್ಪಿತು ಎಂದು ಕಂಡುಕೊಂಡವಳು ಮಹಬೂಬಿ. ನಮ್ಮ ಮೇಳದ ಪದ್ಧತಿಯೇ ಹಾಗೆ. ಹಿಮ್ಮೇಳ ಮುಂದಾಳಿನ ಸ್ವರಕ್ಕೆ ಕಾಯುವುದಿಲ್ಲ, ಸಾಲಿನ ಕೊನೆಗೆ ಅವಳು ಸೊರಕ್ಕನೆ ಉಸಿರು ಎಳೆದುಕೊಳ್ಳುವ ಸಪ್ಪಳಕ್ಕೆ ಕಾಯುತ್ತದೆ. ಚಿಕ್ಕಂದಿನಿಂದ ಕಿವಿಗೆ ಹತ್ತಿದ ರೂಢಿ. ಅದನ್ನು ಯಾರೂ ಕಲಿಸಿರಲಿಲ್ಲ, ಆದ್ದರಿಂದ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಸರ್ವಕಂಠಕ್ಕೆ ಉಸಿರಾಡುವ ಅಗತ್ಯವೇ ಇಲ್ಲ. ಮಹಬೂಬಿ ಅದನ್ನು ಬದಿಗೆ ಸರಿಸಿ, ನನ್ನ ಕಿವಿಯ ಹತ್ತಿರ ಬಂದು, “ಅಕ್ಕಾ, ಆ ದನಿ ಮಣ್ಣಾಗೇತಿ, ಎಬ್ಬಿಸಬ್ಯಾಡ್ರಿ. ಉಸಿರು ಇನ್ನೂ ನಂದೈತಿ” ಎಂದಳು. ಕೊರಳಪೆಟ್ಟಿಗೆಯನ್ನು ತಾನೇ ಎತ್ತಿ ಹಾಕಿಕೊಂಡಳು.

ಅಲ್ಲಿಯೂ ಒಂದು ತೊಡಕಿತ್ತು. ಊದುವವರ ಉಸಿರಿನ ಸಪ್ಪಳ ಕೇಳಿಸದಿರಲಿ ಎಂದು ತಯಾರಕರು ಒಳಗೆ ಉಸಿರುಜರಡಿ ಇಟ್ಟಿದ್ದರು. ಅದು ಅವರ ಹೆಮ್ಮೆಯ ಭಾಗ. ಅದನ್ನು ತೆಗೆಯಬೇಕೆಂದರೆ ಪೆಟ್ಟಿಗೆಗೆ ಒಂದೇ ಒಂದು ತಿರುಪೂ ಇರಲಿಲ್ಲ, ಸುತ್ತಲೂ ಅಂಟು ಬಳಿದು, ಮೇಲೆ ‘ತೆರೆದರೆ ಖಾತರಿ ಇಲ್ಲ’ ಎಂಬ ಚೀಟಿ ಹಚ್ಚಿದ್ದರು. ಆ ಚೀಟಿ ನಿಮ್ಮ ಕಾಲದ್ದೇ. ನಿಮ್ಮ ಎಷ್ಟೋ ಒಳ್ಳೆಯ ಮಾತುಗಳು ಮರೆತುಹೋಗಿವೆ, ಇದೊಂದು ಮಾತ್ರ ದೇವರ ಅಂಗಾರದ ಹಾಗೆ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ದೊಡ್ಡ ದೊಡ್ಡವರೂ ಅದನ್ನು ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಕೆಟ್ಟರೆ ಹನ್ನೆರಡು ವರ್ಷ ಬರಿಗೈ ಎಂದು ಹಿರಿಯರು ಎಚ್ಚರಿಸಿದರು. ಅವರ ಹೆದರಿಕೆ ಸುಳ್ಳಲ್ಲ. ನಾನು ಮಹಬೂಬಿಯ ಮುಖ ನೋಡಿದೆ. ಅವಳು ಚಾಕು ಕಾಯಿಸಿ ತಂದು ನನ್ನ ಕೈಗಿಟ್ಟಳು. ನಾನು ಚೀಟಿಯ ನಟ್ಟನಡುವೆಯೇ ಸೀಳಿದೆ, ಸಂತೋಷವಾಗಿಯೇ ಸೀಳಿದೆ.

ಜರಡಿ ತೆಗೆದ ಮೇಲೆ ಅವಳು ಒಂದು ಸಾಲು ಊದಿದಳು. ನೆಗಡಿಯ ದನಿ ಹೋಗಲಿಲ್ಲ. ಸಾಲು ಮುಗಿಯಿತು, ಸೊರಕ್ಕನೆ ಉಸಿರು ಕೇಳಿಸಿತು, ಒಣ ಗಂಟಲಿನ ಒರಟು ಉಸಿರು. ಹಿಮ್ಮೇಳದವರೆಲ್ಲ ಒಟ್ಟಿಗೆ ಹಿಡಿದರು. ದ್ಯಾಮಣ್ಣ ಹಾಡುತ್ತಲೇ ಅತ್ತ. ಹಿರಿಯರು ಸರಿದು ಮುಂದಿನ ಜಾಗ ಬಿಟ್ಟರು. ಖಾದರಬಿ ಮಾತ್ರ ಹಳೆಯ ದನಿಯೇ ಬೇಕಿತ್ತು ಎಂದು ಇನ್ನೂ ಅನ್ನುತ್ತಾಳೆ, ತಾಯಿಯಲ್ಲವೇ.

ನೀವು ಏನು ಬೇಕಾದರೂ ಕೊಳ್ಳಿ, ಸಾವಿರ ದನಿಯದನ್ನೇ ಕೊಳ್ಳಿ, ನಿಮ್ಮ ಸಂತೋಷ. ಆದರೆ ಅಂಗಡಿಯವನನ್ನು ಒಂದು ಮಾತು ಕೇಳಿ: ಇದನ್ನು ತೆರೆಯಲು ಬರುತ್ತದೆಯೇ? ಬರುವುದಿಲ್ಲ ಎಂದರೆ ಎದ್ದು ಬನ್ನಿ. ವಾದ್ಯ ಮಾಡುವವರು ನೀವಾಗಿದ್ದರೆ ಅಂಟಿನ ಬದಲು ತಿರುಪು ಹಾಕಿ. ನಿಮಗೆ ಕಸ ಎನ್ನಿಸಿ ಸೋಸಿ ಬಿಸಾಡುವುದು ಯಾರ ಪಾಲಿನ ದಾರಿಯೋ ನಿಮಗೆ ತಿಳಿಯದು. ಇಷ್ಟನ್ನು ಈಗಲೇ ಮಾಡಿ, ನೀವು ಮಾಡಿದರೆ ನಮಗೆ ಚಾಕು ಕಾಯಿಸುವ ಕೆಲಸ ತಪ್ಪುತ್ತದೆ.

ಇಂದು ಮೊಹರಂ. ಕುಣಿಗೆ ಬೆಂಕಿ ಹಾಕಿದ್ದಾರೆ. ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡುವವರು ಯಾರೂ ಇಲ್ಲ, ಕೆಟ್ಟರೆ ಮತ್ತೆ ಬಿಚ್ಚುತ್ತೇವೆ. ಇನ್ನೂ ಎರಡು ಮಾತು ಬರೆಯಬೇಕೆಂದಿದ್ದೆ, ಆದರೆ ಓಣಿಯಲ್ಲಿ ಮಹಬೂಬಿ ಉಸಿರು ಎಳೆದುಕೊಂಡದ್ದು ಇಲ್ಲಿಯವರೆಗೂ ಕೇಳಿಸಿತು. ಸಾಲು ಹಿಡಿಯಬೇಕು, ಬರುತ್ತೇನೆ.